ಹರಗೋಲಿನಲ್ಲಿದ್ದ ನಾಲ್ಕನೆಯವನು

ಇಂಥ ಸುದ್ದಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ನಾನು ಸಾಲಿ ಮಾಸ್ತರ. ಹುಣಸೆಮರದಲ್ಲಿ ದೆವ್ವವಿದೆ ಎಂದು ಓಣಿಯವರೆಲ್ಲ ಸುತ್ತುಹಾಕಿ ಹೋಗುತ್ತಿದ್ದರೆ, ಬೇಕೆಂದೇ ಅದರ ಬುಡದಲ್ಲಿ ಕೂತು ಬೀಡಿ ಸೇದಿ ಬರುತ್ತಿದ್ದವನು. ಶಕುನ, ಕನಸು, ಮೈಮೇಲೆ ಬರುವುದು, ಇವೆಲ್ಲ ಕೆಲಸವಿಲ್ಲದವರ ಕಸುಬು ಎಂದು ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ನಂಬಿಕೆ ಬಂದಿದೆ ಎಂದಲ್ಲ, ಬಾಯಿ ಏಳುವುದಿಲ್ಲ, ಅಷ್ಟೇ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಐವತ್ತರ ದಶಕದ ಮಾತು. ನಮ್ಮ ರೋಣ ಆಗಿನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು. ನನ್ನ ಅಣ್ಣ ಹನಮಪ್ಪ ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವನು ಅವನೇ. ಅವನು ಊರು ಬಿಡುವ ಮೊದಲಿನ ಚಳಿಗಾಲದಲ್ಲಿ ನಾವಿಬ್ಬರೂ ಹೊಳೆಆಲೂರಿನ ಹತ್ತಿರ ಮಲಪ್ರಭೆಯ ಒಂದು ಮಡುವಿಗೆ ಹೋಗಿ ಗಾಳ ಹಾಕಿದ್ದೆವು. ಸಿಕ್ಕದ್ದು ಬೆರಳುದ್ದದ ಪುಡಿ ಮೀನು. ಇನ್ನೇನು ಹೊರಡಬೇಕು, ಆಳುದ್ದದ ಬಾಳೆಮೀನೊಂದು ಮೀಸೆ ಅಲ್ಲಾಡಿಸುತ್ತ ಮೇಲೆ ಬಂದು, ನಮ್ಮಿಬ್ಬರನ್ನೂ ನೋಡಿ ಮುಳುಗಿತು. ನೋಡಿತು ಎಂಬುದು ಅಣ್ಣನ ಮಾತು.

"ಇದನ್ನ ಹಿಡೀದ ಬಿಡಾಂಗಿಲ್ಲ ತಮ್ಮಾ. ಆದ್ರ ನಾವಿಬ್ರೂ ಕೂಡೇ ಬರಬೇಕು ಮತ್ತ," ಎಂದ.

ಅಲ್ಲಿಂದ ಮುಂದೆ ಅವನ ಪತ್ರಗಳಲ್ಲಿ ಕ್ಷೇಮಸಮಾಚಾರ ಎರಡು ಸಾಲು, ಮಿಕ್ಕದ್ದೆಲ್ಲ ಮಡುವಿನ ಮಾತು. ಚಳಿಗೆ ಹೊಳೆ ಇಳಿದು ತಿಳಿಯಾದಾಗ ದೊಡ್ಡ ಮೀನು ಮಡುವಿನ ತಳ ಸೇರುತ್ತದೆ, ಎಳ್ಳಮಾವಾಸ್ಯೆ ಮುಗಿದ ಮೇಲೆ ಸಂಕ್ರಾಂತಿಯ ಒಳಗೇ ಹೋಗಬೇಕು. ನರಗುಂದದ ಕಮ್ಮಾರನ ಹತ್ತಿರ ದಪ್ಪ ಗಾಳ ಬಡಿಸು. ಗಜೇಂದ್ರಗಡದಲ್ಲಿ ಸೀರೆ ನೇಯುವ ನಮ್ಮ ಕಾಕಾನ ಮಗ ದುರಗಪ್ಪನಿಗೆ ನೂಲು ಹೊಸೆದು ಗಟ್ಟಿ ಹುರಿ ಮಾಡಲು ಹೇಳು. ಅಂಬಿಗರ ಯಲ್ಲಪ್ಪನ ಹರಗೋಲು ಗೊತ್ತುಮಾಡು. ಒಂದು ಪತ್ರದಲ್ಲಂತೂ ಹರಗೋಲಿನ ದುಂಡು ಚಿತ್ರ ಬರೆದು, ಯಾರು ಎಲ್ಲಿ ಕೂರಬೇಕೆಂದು ಹೆಸರು ಹಾಕಿ ಕಳಿಸಿದ್ದ. ನನ್ನನ್ನು ತನ್ನ ಬಲಕ್ಕೆ ಕೂರಿಸಿಕೊಂಡಿದ್ದ.

ಅವ್ವ ಅದನ್ನು ಕೇಳಿ, "ಕೂಸು ಹುಟ್ಟೂಕಿಂತ ಮುಂಚೇ ಕುಲಾಯಿ ಹೊಲಿಸ್ಯಾನ ನೋಡ ನಿಮ್ಮಣ್ಣ," ಎಂದು ನಕ್ಕಿದ್ದಳು.

ಅವಳು ಹೇಳಿದ್ದೇ ಖರೆಯಾಯಿತು. ಒಂದು ವರ್ಷ ಗಿರಣಿಯಲ್ಲಿ ಮುಷ್ಕರ, ಮರುವರ್ಷ ಬದಲಿ ಆಳಿಲ್ಲವೆಂದು ರಜೆ ಕೊಡಲಿಲ್ಲ. ಎರಡು ಚಳಿಗಾಲ ಹೀಗೇ ಹೋದವು. ನಾನೂ ಅವನಿಲ್ಲದೆ ಆ ಕಡೆ ಕಾಲಿಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಮೀನಿನ ಹುಚ್ಚು ಅಷ್ಟಕ್ಕಷ್ಟೇ. ಅಣ್ಣನ ಮಗ್ಗುಲಲ್ಲಿ ಮತ್ತೊಂದು ಮುಂಜಾನೆ ಕೂರಬೇಕಿತ್ತು ನನಗೆ. ಬೆಳೆದ ಗಂಡಸು ಇದನ್ನು ಯಾರ ಮುಂದೆ ಹೇಳಬೇಕು?

ಮೂರನೆಯ ವರ್ಷ ಪತ್ರ ಬಂತು. "ಈ ಸರ್ತಿ ರಜಾ ಖರೇನ. ಮಂಗಳವಾರ ಹೊಳೆಆಲೂರ ಸ್ಟೇಶನ್‌ನ್ಯಾಗ ಇಳೀತೀನಿ. ದುರಗಪ್ಪನ್ನ ಕರಕೊಂಡು ಅಲ್ಲಿಗೇ ಬಾ, ಸೀದಾ ಹೊಳಿಗೆ ಹೋಗೂಣು."

ಅವ್ವ ಸಜ್ಜೆಯ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬುತ್ತಿ ಕಟ್ಟಿಕೊಟ್ಟಳು. ನಾನೂ ದುರಗಪ್ಪನೂ ಚಕ್ಕಡಿ ಹೂಡಿಕೊಂಡು ಹೋಗಿ ಸ್ಟೇಶನ್ನಿನಲ್ಲಿ ಕಾದೆವು. ಒಂದು ಗಾಡಿ ಬಂತು, ಸಂಜೆ ಇನ್ನೊಂದು ಬಂತು. ಇಳಿದವರ ಮುಖವನ್ನೆಲ್ಲ ನೋಡಿದೆ. ಅಣ್ಣ ಇರಲಿಲ್ಲ. ನನಗೆ ಬಂದ ಸಿಟ್ಟು ಹೇಳತೀರದು. ಆ ರಾತ್ರಿ ಯಲ್ಲಪ್ಪನ ಮನೆಯಲ್ಲೇ ಮಲಗಿದೆವು. ಬೆಳಗಾಗುತ್ತಲೇ ಊರಿಗೆ ಮರಳೋಣ ಎಂದೆ. ದುರಗಪ್ಪ ಕೇಳಲಿಲ್ಲ. "ಇಷ್ಟ ದೂರ ಬಂದು ಹುರಿ ತೋಯಿಸದ ಹೋದ್ರ ಹ್ಯಾಂಗೊ?" ಎಂದು ಎಳೆದುಕೊಂಡು ಹೊರಟ.

ಬುಧವಾರ ಮುಂಜಾನೆ ದಂಡೆಗೆ ಹೋದರೆ ಹೊಳೆಯೇ ಕಾಣದಷ್ಟು ಮಂಜು. ಯಲ್ಲಪ್ಪ ಹರಗೋಲನ್ನು ನೀರಿಗೆ ನೂಕಿ, ನಮ್ಮನ್ನು ಎಣಿಸಿ ನಿಂತುಬಿಟ್ಟ.

"ಮೂರ ಮಂದಿ ಆಕ್ಕೇವಲ್ರಿ ಮಾಸ್ತರ. ಒಂದ ಕಲ್ಲ ತಗೋರಿ."

ನಮ್ಮ ಕಡೆ ಈ ರೂಢಿ ನಿಮಗೆ ಗೊತ್ತಿರಬಹುದು. ಮೂವರು ಕೂಡಿ ಕೆಲಸಕ್ಕೆ ಹೊರಟರೆ ಕೆಲಸ ಕೆಡುತ್ತದೆ ಎನ್ನುತ್ತಾರೆ. ಅದಕ್ಕೆ ಒಂದು ಕಲ್ಲನ್ನು ಜೊತೆಗೆ ಒಯ್ದು ನಾಲ್ಕನೆಯ ಆಳು ಎಂದು ಎಣಿಸುತ್ತಾರೆ. ಬೇರೆ ದಿನವಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಅಂದು ಅಣ್ಣನ ಮೇಲಿನ ಸಿಟ್ಟಿನಲ್ಲಿ, ಸುಲಿದ ತೆಂಗಿನಕಾಯಿಯಷ್ಟು ಗಾತ್ರದ ಒಂದು ಗುಂಡನ್ನು ಎತ್ತಿಕೊಂಡು ನನ್ನ ಎಡಕ್ಕೆ ಕೂರಿಸಿದೆ.

"ಇಂವನ ನೋಡ್ರಪಾ ನಮ್ಮ ಹನಮಪ್ಪಣ್ಣ! ಕಡೀಕೂ ರಜಾ ಸಿಕ್ತು ಇವಂಗ," ಎಂದೆ.

ದುರಗಪ್ಪ ನಕ್ಕ. ಯಲ್ಲಪ್ಪ ನಗಲಿಲ್ಲ. "ಕಲ್ಲಿಗೆ ಬದುಕಿದ್ದೋರ ಹೆಸರ ಇಡಬಾರ್ದರಿ. ಬರೇ ಆಳು ಅನಬೇಕು. ತಪ್ಪಾತು ಅನ್ರಿ."

ನಾನು ಅನ್ನಲಿಲ್ಲ. ಅಷ್ಟಕ್ಕೇ ಬಿಡದೆ, ಅಣ್ಣನ ಪಾಲಿನ ಹುರಿಯನ್ನು ಕಲ್ಲಿಗೇ ಸುತ್ತಿ ಗಂಟು ಹಾಕಿ ಗಾಳವನ್ನು ನೀರಿಗೆ ಬಿಟ್ಟೆ. ರೊಟ್ಟಿ ಮುರಿದು ಕಲ್ಲಿನ ಮುಂದೊಂದು ಚೂರು ಇಟ್ಟೆ. ಎಂಥ ತಿಳಿಗೇಡಿ ನಾನು!

ಮಡುವಿನ ನಡುವೆ ಹೋಗಿ ನಿಂತು ಸ್ವಲ್ಪ ಹೊತ್ತಾಗಿರಬೇಕು. ಯಲ್ಲಪ್ಪ ಮೆಲ್ಲಗೆ, "ಮಾಸ್ತರ, ಎಡಕ್ಕ ವಾಲಬ್ಯಾಡ್ರಿ," ಎಂದ. ನಾನು ವಾಲಿರಲಿಲ್ಲ. ನೋಡಿದರೆ ಹರಗೋಲು ಕಲ್ಲಿದ್ದ ಕಡೆಗೆ ತಗ್ಗಿತ್ತು. ತುಂಬಿದ ಆಳೊಬ್ಬ ಕೂತರೆ ಎಷ್ಟು ತಗ್ಗುತ್ತದೋ ಅಷ್ಟು. ನೀರು ಅಂಚು ಮುಟ್ಟಲು ನಾಲ್ಕೇ ಬೆರಳು ಉಳಿದಿತ್ತು. ದುರಗಪ್ಪ ನನ್ನೆದುರಿಗಿದ್ದ, ಯಲ್ಲಪ್ಪ ಹುಟ್ಟು ಹಿಡಿದು ಬಲಕ್ಕಿದ್ದ. ಆ ಥಂಡಿಗೆ ನನ್ನ ಬಲತೋಳು ಮರಗಟ್ಟಿತ್ತು. ಎಡತೋಳು ಮಾತ್ರ ಬೆಚ್ಚಗಿತ್ತು.

ಅಷ್ಟರಲ್ಲಿ ಕಲ್ಲಿಗೆ ಕಟ್ಟಿದ ಹುರಿ ಸೆಟೆಯಿತು. ಏನೋ ಭಾರಿ ಮೀನು ಜಗ್ಗುತ್ತಿತ್ತು. ಕಲ್ಲು ಒಮ್ಮೆ ಹೊರಳಿತು, ಅಂಚಿಗೆ ಹತ್ತಿ ನಿಂತಿತು. ನಿಂತೇ ಇತ್ತು, ಕೈಚಾಚಿದರೆ ಸಿಗುವಷ್ಟು ಹೊತ್ತು.

"ಹಿಡಿಯೊ! ಹಿಡೀ!" ಎಂದು ದುರಗಪ್ಪ ಕೂಗಿದ.

ನನಗೆ ಕೈ ಮುಂದಾಗಲಿಲ್ಲ. ಹುಣಸೆಮರದ ಕೆಳಗೆ ಬೀಡಿ ಸೇದಿದ ಗಂಡು ನಾನು, ಒಂದು ಕಲ್ಲನ್ನು ಮುಟ್ಟಲು ಹೆದರಿದೆ. ಅದು ದುಬುಕ್ಕನೆ ನೀರಿಗೆ ಬಿತ್ತು. ಆ ಕ್ಷಣವೇ ಹರಗೋಲು ಒಮ್ಮೆ ಜಿಗಿದು, ಮೈಭಾರದ ಮನುಷ್ಯ ಇಳಿದುಹೋದ ಹಾಗೆ, ಮಟ್ಟಸವಾಯಿತು. ಯಲ್ಲಪ್ಪ ದಂಡೆಯ ಕಡೆ ಹುಟ್ಟು ಹಾಕಿದ.

ಆಮೇಲಿನ ಎಂಟು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಮುಂಬಯಿಯಿಂದ ಎಲ್ಲಿ ಕೆಟ್ಟ ಸುದ್ದಿಯ ತಂತಿ ಬರುತ್ತದೋ ಎಂದು ಅಂಚೆಯವನ ನೆರಳು ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ಅವ್ವನಿಗೆ ಏನೂ ಹೇಳಲಿಲ್ಲ. ಒಂಬತ್ತನೆಯ ದಿನ ಪತ್ರ ಬಂತು, ಅಣ್ಣನದೇ ಕೈಬರಹ. ಬದುಕಿದ್ದಾನಲ್ಲ ಎಂದು ಸಾಲಿಯ ಹಿಂದೆ ಹೋಗಿ ಅತ್ತುಬಿಟ್ಟೆ. ಅತ್ತು ಮುಗಿಸಿ ಓದಿದೆ. ಹೊರಡುವ ದಿನವೇ ರಜೆ ರದ್ದಾಯಿತಂತೆ. ಮುಂದೆ ಹೀಗಿತ್ತು:

"ಬುಧವಾರ ಮುಂಜಾನೆ ಮಗ್ಗದ ಮುಂದ ನಿಂತಿದ್ದೆ. ಏನಾತೋ ಏನೋ, ನಿನ್ನ ಮಗ್ಗಲಕ್ಕ ಹರಗೋಲಿನ್ಯಾಗ ಕೂತಿದ್ದೆ. ಮಂಜ ಬಿದ್ದಿತ್ತು. ನಿನ್ನ ತೋಳು ನನ್ನ ತೋಳಿಗೆ ಹತ್ತಿತ್ತು. ನೀ ರೊಟ್ಟಿ ಮುರದು ನನ್ನ ಮುಂದ ಇಟ್ಟಿ. ಆಮ್ಯಾಲ ಮೀನ ಜಗ್ಗಿತು, ನಾ ಜಾರಿದೆ. ಇಲ್ಲಿ ಮಂದಿ ನನ್ನ ನೆಲದ ಮ್ಯಾಲಿಂದ ಎಬ್ಬಿಸಿದ್ರು. ನಿನ್ನ ಕೈ ಹತ್ರನ ಇತ್ತಲ್ಲೊ. ಯಾಕ ಹಿಡೀಲಿಲ್ಲ ತಮ್ಮಾ?"

ಪತ್ರದ ಮೇಲಿನ ಮುಂಬಯಿಯ ಮುದ್ರೆ ಗುರುವಾರದ್ದು. ನಾನು ಅವನಿಗೆ ಒಂದಕ್ಷರ ಬರೆದಿರಲಿಲ್ಲ. ದುರಗಪ್ಪನಿಗೂ ಯಲ್ಲಪ್ಪನಿಗೂ ಬರೆಯಲು ಬರುತ್ತಿರಲಿಲ್ಲ. ಬೇರೆಯವರಿಂದ ಬರೆಸಿದ್ದರೂ ಒಂದು ದಿನದಲ್ಲಿ ಮುಂಬಯಿ ಮುಟ್ಟುವುದು ಹೇಗೆ? ಉತ್ತರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲ ಹರಿದೆ. ಕೊನೆಗೆ ಅವ್ವನ ಮಂಡಿನೋವಿನ ಬಗ್ಗೆ ಬರೆದು ಹಾಕಿದೆ.

ಅಣ್ಣ ಊರಿಗೆ ಬಂದದ್ದು ಇನ್ನೆರಡು ವರ್ಷದ ಮೇಲೆ, ಅದೂ ಚಳಿಗಾಲದಲ್ಲೇ. ಕಿವಿಯ ಮೇಲೆ ಕೂದಲು ನೆರೆತಿತ್ತು. ಚಹಾ ಕುಡಿಯುತ್ತ ಕೂತವನ ಹತ್ತಿರ ಹೋಗಿ, "ಅಣ್ಣಾ, ಅವತ್ತ ನಾ ಹಿಡೀಬೇಕಾಗಿತ್ತು," ಎಂದೆ. ಅವನು ನನ್ನ ಬೆನ್ನ ಮೇಲೆ ಕೈಯಾಡಿಸಿದ. ಧೈರ್ಯ ಬಂತು. ಗಾಳ ತಯಾರಿದೆ, ನಾಳೆಯೇ ಮಡುವಿಗೆ ಹೋಗೋಣ, ನಾವಿಬ್ಬರೇ, ಎಂದೆ.

ಅಣ್ಣ ನಕ್ಕುಬಿಟ್ಟ. "ಮತ್ಯಾಕೊ? ಕೂಡೇ ಹೋಗಿ ಬಂದೇವಲ್ಲ. ಭಾಳ ಚಲೋ ಇತ್ತು ತಮ್ಮಾ. ನನ್ನ ಆಶಾ ತೀರಿತು."

ಮೂರು ದಿನ ಗೋಗರೆದೆ, ಬರಲಿಲ್ಲ. ಸಿಟ್ಟಿಲ್ಲ, ಹೆದರಿಕೆಯಿಲ್ಲ. ಉಂಡೆದ್ದವನು ಮತ್ತೆ ಹಾಕಿದ ಎಲೆಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದ. ರಜೆ ಮುಗಿಸಿ ಮುಂಬಯಿಗೆ ಹೋದ, ಅಲ್ಲೇ ಹಣ್ಣಾದ, ಅಲ್ಲೇ ತೀರಿಕೊಂಡ. ಮಡುವಿನ ಮಾತನ್ನು ಮತ್ತೆ ಎತ್ತಲಿಲ್ಲ.

ನಿದ್ದೆಗೆಟ್ಟವನು ಮಗ್ಗದ ಮುಂದೆ ತಲೆಸುತ್ತಿ ಬಿದ್ದು ಕಂಡ ಕನಸು ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಂಡಿದ್ದೇನೆ, ಎಷ್ಟೋ ಸಲ. ಆದರೆ ಆ ಹರಗೋಲು ವಾಲಿದ್ದನ್ನು ಕನಸು ಎನ್ನಲು ಬರುವುದಿಲ್ಲ. ಅದೂ ಹೋಗಲಿ, ನನ್ನ ಸಂಕಟ ಬೇರೆಯೇ ಇದೆ. ಅಣ್ಣ ನೂರು ಹರದಾರಿಯಿಂದ ಬಂದು ನನ್ನ ತೋಳಿಗೆ ತೋಳು ಹಚ್ಚಿ ಕೂತು, ಮನಸ್ಸು ತುಂಬಿ ಎದ್ದುಹೋದ. ನಾನು ಅದೇ ಹರಗೋಲಿನಲ್ಲಿ, ಅವನ ಮಗ್ಗುಲಲ್ಲೇ ಕೂತು, ಅಣ್ಣ ಬರಲಿಲ್ಲವೆಂದು ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ಇವತ್ತಿಗೂ ಅವನ ದಾರಿ ಕಾಯುತ್ತಿದ್ದೇನೆ.