ನರ್ಸಿನ ಮುಂದೆ ಚಾಚಿದ ತೋಳು

ನರ್ಸ್ ಒಬ್ಬರು ಎದುರು ಬಂದ ಕೂಡಲೇ ನಮ್ಮವರ ಎಡತೋಳು ತಾನಾಗಿಯೇ ಮುಂದಕ್ಕೆ ಚಾಚಿಕೊಳ್ಳುವುದನ್ನು ನೀವೂ ಗಮನಿಸಿರಬಹುದು. ಪರ್ತ್‌ನಲ್ಲಿ ಗಣಿ ಕಂಪನಿಯೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದಾಗಲೂ, ಅಡಿಲೇಡಿನ ಗ್ಲೆನೆಲ್ಗ್ ಕಡಲತೀರದಲ್ಲಿ ಬಾಡಿಗೆಗಿದ್ದಾಗಲೂ, ಈಗ ಬ್ರಿಸ್ಬೇನಿನ ಫಾರೆಸ್ಟ್ ಲೇಕಿನಲ್ಲಿ ಸ್ವಂತ ಅಂಗಳದ ಹುಲ್ಲು ಕತ್ತರಿಸುವ ಪದವಿಗೇರಿದ ಮೇಲೂ, ಯುಗಾದಿಯಿರಲಿ ನಾಮಕರಣವಿರಲಿ, ಊಟಕ್ಕೆ ಮೊದಲು ರಕ್ತದೊತ್ತಡ ಪರೀಕ್ಷಾ ಪರ್ವವೊಂದು ನಡೆಯದ ಕೂಟವನ್ನು ನಾನು ಕಂಡಿಲ್ಲ. ಮಕ್ಕಳ ಮನೆಗೆಂದು ಬಂದಿರುವ ಹಿರಿಯರಿಗೆ ಇಲ್ಲಿಯ ಡಾಕ್ಟರು ದುಬಾರಿ; ನರ್ಸಾದರೋ ನಮ್ಮವರು. ಒತ್ತಡ ಸರಿಯಾಗಿದೆಯೆಂದು ಕೇಳಿದ ಮೇಲಷ್ಟೇ ಎರಡನೆಯ ಹೋಳಿಗೆಗೆ ಧೈರ್ಯ ಬರುವ ಪ್ರಕೃತಿ ನನ್ನದು.

ನಮ್ಮ ಕೂಟದ ನರ್ಸ್ ಎಂದರೆ ಉಡುಪಿ ಕಡೆಯ ಲವೀನಾ. ಕುವೈತಿನಲ್ಲಿ ಬಹುಕಾಲ ದುಡಿದು, ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಬಂದು ಇಲ್ಲಿ ನೆಲೆಯೂರಿದವರು. ಆಸ್ಪತ್ರೆಗಳು ಖರ್ಚಿಗೆ ಕೈ ಬಿಗಿಹಿಡಿದ ವರ್ಷವೊಂದರಲ್ಲಿ ಅವರ ವಾರ್ಡು ಮುಚ್ಚಿತು, ಕೆಲಸ ಹೋಯಿತು, ಸರ್ಕಾರದ ನಿರುದ್ಯೋಗ ಭತ್ಯೆ ಬಂತು, ಅದರ ಬೆನ್ನಿಗೇ ಭತ್ಯೆಗೆ ಬದಲಾಗಿ ಸಮುದಾಯ ಸೇವೆ ಮಾಡಬೇಕೆಂಬ ಕಟ್ಟಳೆಯೂ ಬಂತು. ಒಂದು ಬೆಳಿಗ್ಗೆ ಹೊಟ್ಟೆ ಕರಗಿಸಲು ಕೆರೆ ಸುತ್ತುತ್ತಿದ್ದ ನನಗೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ದಂಡೆಯ ಕಳೆ ಕೀಳುತ್ತಿದ್ದ ಲವೀನಾ ಕಂಡರು. ಅವರು ನಕ್ಕರು, ನಾನು ಬಾತುಕೋಳಿಗಳ ಆರೋಗ್ಯ ವಿಚಾರಿಸುವವನಂತೆ ಅತ್ತ ತಿರುಗಿದೆ. ಇನ್ನೊಂದು ಸುತ್ತು ಬರುವಷ್ಟರಲ್ಲಿ ನನಗೂ ಸ್ವಲ್ಪ ಬುದ್ಧಿ ಬಂದಿತ್ತು, ನಿಂತು ಮಾತಾಡಿಸಿದೆ.

ಕಳೆ ಕೀಳುವುದು ಅವರಿಗೆ ಅವಮಾನವೆನ್ನಿಸಿರಲಿಲ್ಲ. ಚಿಂತೆ ಬೇರೆಯೇ ಇತ್ತು. ಇಲ್ಲಿ ನರ್ಸ್ ಬಹುಕಾಲ ರೋಗಿಗಳಿಂದ ದೂರ ಉಳಿದರೆ ನೋಂದಣಿಯೇ ಕೈತಪ್ಪಬಹುದು. ಆಮೇಲೆ ಮತ್ತೆ ಓದಿ, ಪರೀಕ್ಷೆ ಬರೆದು ಬರಬೇಕು. ಕೆರೆಯ ದಂಡೆಯಲ್ಲಿ ಸವೆಸಿದ ದಿನ ನರ್ಸಿನ ಅನುಭವದ ಲೆಕ್ಕಕ್ಕೆ ಸೇರುವುದಿಲ್ಲ. ಅವರ ನೋಂದಣಿ ಉಳಿಯುವ ಅವಧಿ ಮುಗಿಯುತ್ತ ಬಂದಿತ್ತು.

ಮುಂದಿನ ಭಾನುವಾರ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಗೆಳೆಯ ರಾಘುವಿನ ಮನೆಯ ಬಾರ್ಬಿ, ಅಂದರೆ ಅಂಗಳದಲ್ಲೇ ಸುಟ್ಟು ತಿನ್ನುವ ಕೂಟ. ಜೋಳವೂ ಪನೀರೂ ಮಾತ್ರ ಸುಡುವ ಆ ಸಾತ್ವಿಕ ಬೆಂಕಿಯ ಸುತ್ತ, ಭತ್ಯೆ ಪಡೆಯುವವರು ಊರ ಕೆಲಸ ಮಾಡಬೇಕೆ ಎಂಬ ಗಹನ ಚರ್ಚೆ ಎದ್ದಿತು. ಲವೀನಾ ಭತ್ಯೆಯಲ್ಲಿದ್ದಾರೆಂದು ರಾಘುವಿಗೆ ತಿಳಿಯದು.

"ಸರ್ಕಾರದ ದುಡ್ಡು ಸುಮ್ನೆ ತಗೋಬಾರ್ದು ಗುರೂ, ಸಮಾಜಕ್ಕೆ ಏನಾದ್ರೂ ವಾಪಸ್ ಕೊಡ್ಬೇಕು" ಎಂದು ಘೋಷಿಸಿದ. ಹಾಗೆ ಘೋಷಿಸುವಾಗ ಅವನ ಎಡತೋಳಿಗೆ ಲವೀನಾ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದರು. ಅವನ ತಾಯಿ, ಮಾವ, ಪಕ್ಕದ ಮನೆಯವರು ಅಂಗಿಯ ತೋಳು ಮೇಲೇರಿಸಿಕೊಂಡು ಸರದಿಯಲ್ಲಿದ್ದರು.

"ಮಾತಾಡ್ಬೇಡಿ ಮಾರಾಯ್ರೆ, ಬಿಪಿ ಹೆಚ್ಚು ತೋರಿಸ್ತದೆ" ಎಂದರು ಲವೀನಾ.

ಯೋಚಿಸಿದರೆ, ಆ ಅಂಗಳದಲ್ಲಿ ಸಮಾಜಕ್ಕೆ ಏನನ್ನಾದರೂ ಕೊಡುತ್ತಿದ್ದವರು ಅವರೊಬ್ಬರೇ. ಅದು ಭತ್ಯೆ ಕೊಡುವವರಿಗೂ ಕಾಣದು, ನೋಂದಣಿ ಮಾಡುವವರಿಗೂ ಕಾಣದು, ತೋಳು ಚಾಚಿ ಕುಳಿತ ನಮಗಂತೂ ಕಂಡೇ ಇರಲಿಲ್ಲ. ಊರ ಕೆಲಸ ಮಾಡಿಸಬಾರದೆಂದು ನಾನು ವಾದಿಸಲಾರೆ. ಬಲ್ಲ ಕೆಲಸವನ್ನೇ ಮಾಡಿಸಿ, ಅದನ್ನು ಕೆಲಸವೆಂದು ಒಪ್ಪಿಕೊಂಡರೆ ಸಾಕಿತ್ತು ಎನ್ನಿಸಿತು. ರಾಘುವಿನೆದುರು ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ನನ್ನ ಸರದಿ ಬಂದಾಗ, ಅಭ್ಯಾಸಬಲದಿಂದ ಚಾಚಿದ್ದ ತೋಳನ್ನು ನಾಚಿಕೆಯಿಂದ ಚಟ್ನಿಯ ಬಟ್ಟಲಿನತ್ತ ತಿರುಗಿಸಿದೆ. ಲವೀನಾ ಬಿಡಲಿಲ್ಲ. ಮಣಿಕಟ್ಟು ಹಿಡಿದು ತಮ್ಮತ್ತ ಎಳೆದುಕೊಂಡು, ನನಗೆ ಮಾತ್ರ ಕೇಳುವಂತೆ ಹೇಳಿದರು:

"ಕೊಡಿ, ಕೊಡಿ. ನನ್ನ ಕೈಗೆ ಅಭ್ಯಾಸ ತಪ್ಪಬಾರದಲ್ಲ."

ತೋಳು ಕೊಟ್ಟು ಕುಳಿತೆ. ಒತ್ತಡ ಎಷ್ಟಿದೆಯೆಂದು ಅಂದು ನಾನು ಕೇಳಲಿಲ್ಲ.