ಅರ್ಧ ತೂರಿದ ಮಣ್ಣು

ನನಗೆ ಮರೆವು ಕಡಿಮೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಕೆಲವರಿಗೆ ಬಿ.ಪಿ. ಇರುತ್ತದೆ, ನನಗೆ ಇದು. ಕೊಳ್ಳೇಗಾಲದ ಮೈದಾನದಲ್ಲಿ ಒಬ್ಬ ಮನುಷ್ಯನ ಹೆಬ್ಬೆರಳು ಮಾಡದೇ ಬಿಟ್ಟ ಕೆಲಸವನ್ನು ಎದೆಯಲ್ಲಿಟ್ಟುಕೊಂಡು ನಾನು ಮದುವೆಯಾದೆ, ಮಗಳನ್ನು ಹೆತ್ತೆ, ಮಕ್ಕಳಿಗೆ ಮಗ್ಗಿ ಕಲಿಸಿದೆ. ಒಳಗೆ ಮಾತ್ರ ಅದು ಹಾಗೇ ಉರಿಯುತ್ತಿತ್ತು.

ಎಂಬತ್ತರ ದಶಕದ ಮಾತು. ನಮ್ಮೂರು ಶಾಗ್ಯ, ಹೈಸ್ಕೂಲು ಹನೂರಿನಲ್ಲಿ. ಬಸ್ಸು ತಪ್ಪಿದ ದಿನ ಓಡಿಯೇ ಹೋಗುತ್ತಿದ್ದೆ, ಬಸ್ಸು ಬಹುತೇಕ ದಿನಾ ತಪ್ಪುತ್ತಿತ್ತು. ಹಾಗಾಗಿ ಶಾಲೆಯ ಆಟೋಟದಲ್ಲಿ ಎಂಟುನೂರು ಮೀಟರ್ ಓಡು ಎಂದಾಗ ನನಗೆ ನಗು ಬಂತು. ಇಷ್ಟಕ್ಕೆ ಬಹುಮಾನ ಬೇರೆ ಕೊಡುತ್ತಾರಾ ಅನ್ನಿಸಿತು. ಶಾಲೆಯಲ್ಲಿ ಗೆದ್ದೆ, ಹೋಬಳಿಯಲ್ಲಿ ಗೆದ್ದೆ, ತಾಲ್ಲೂಕು ಕೂಟಕ್ಕೆ ಕೊಳ್ಳೇಗಾಲಕ್ಕೆ ಹೋದೆ. ಜೊತೆಗೆ ಅಜ್ಜಿ ಬಂದಳು. ಬುತ್ತಿ ಕಟ್ಟಿಕೊಂಡು, ಓಟ ನೋಡುವುದಕ್ಕಲ್ಲ, ಮೊಮ್ಮಗಳನ್ನು ಪೇಟೆಯವರು ಏನಾದರೂ ಅಂದಾರು ಎಂದು ಕಾಯುವುದಕ್ಕೆ.

ಆ ಸಲದ ಕೂಟಕ್ಕೆ ಒಂದು ವಿಶೇಷವಿತ್ತು. ಮೈಸೂರಿನ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಅಧಿಕಾರಿಗಳು ಬಂದಿದ್ದರು. ಊಟ, ಓದು, ಬೂಟು, ಕೋಚು ಎಲ್ಲ ಅಲ್ಲೇ. ಅವರಿಗೆ ಯಾರು ಗೆದ್ದರು ಎನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಓಡಿದರು ಎನ್ನುವುದು ಮುಖ್ಯ. ಅದನ್ನು ಅಳೆಯುವ ಕ್ರಮ ಹೀಗಿತ್ತು: ಗೆರೆಯ ಹತ್ತಿರ ಮೂವರು ಮೇಷ್ಟ್ರುಗಳು ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು ನಿಲ್ಲುತ್ತಾರೆ. ಒಬ್ಬರದು ಮೊದಲು ಬಂದವಳಿಗೆ, ಇನ್ನೊಬ್ಬರದು ಎರಡನೆಯವಳಿಗೆ, ಮತ್ತೊಬ್ಬರದು ಮೂರನೆಯವಳಿಗೆ. ಮೊದಲ ಸ್ಥಾನದ ವಾಚು ಪೇಟೆಯ ಶಾಲೆಯೊಂದರ ಪಿ.ಟಿ. ಮೇಷ್ಟ್ರ ಕೈಯಲ್ಲಿತ್ತು. ಬಿಳಿ ಪ್ಯಾಂಟು, ಬಿಳಿ ಟೋಪಿ, ಬಾಯಲ್ಲಿ ಸೀಟಿ. ಅವರ ಅಣ್ಣನ ಮಗಳೂ ಅದೇ ಓಟದಲ್ಲಿದ್ದಳು, ನನ್ನ ಪಕ್ಕದಲ್ಲೇ.

ಮೊದಲ ಸುತ್ತು ಅವಳ ಬೆನ್ನ ಹಿಂದೆಯೇ ಇದ್ದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಅವಳನ್ನು ಹಿಂದೆ ಹಾಕಿದೆ. ಆಮೇಲೆ ನನ್ನ ಮುಂದೆ ಯಾರೂ ಇರಲಿಲ್ಲ, ಬರೀ ಸುಣ್ಣದ ಗೆರೆ. ಅವತ್ತು ಓಡಿದಂತೆ ನಾನು ಮತ್ತೆ ಯಾವತ್ತೂ ಓಡಿಲ್ಲ. ಅದು ಕಾಲಿಗೆ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ.

ಎರಡನೆಯ ವಾಚಿನವರು ಮೊದಲು ಕೂಗಿದರು. ಮೇಷ್ಟ್ರ ಅಣ್ಣನ ಮಗಳ ಟೈಮು ತಾಲ್ಲೂಕಿನ ಹಳೇ ದಾಖಲೆಯನ್ನು ಮುರಿದಿತ್ತು. ಮೈಕಿನಲ್ಲಿ ಹೇಳಿದರು, ಚಪ್ಪಾಳೆಯಾಯಿತು. ಎರಡನೆಯವಳದೇ ಹೀಗಾದರೆ ಮೊದಲನೆಯವಳದು ಎಷ್ಟಿರಬೇಕು ಎಂದು ಎಲ್ಲರೂ ಬಿಳಿ ಟೋಪಿಯ ಮೇಷ್ಟ್ರ ಕಡೆ ತಿರುಗಿದರು. ಅವರು ವಾಚು ನೋಡಿದರು, ಅಲ್ಲಾಡಿಸಿದರು, ಕಿವಿಗೆ ಹಿಡಿದರು.

"ಅಯ್ಯೋ, ಸ್ಟಾರ್ಟು ಒತ್ತೋದೇ ಮರ್ತೋಯ್ತಲ್ಲಮ್ಮಿ," ಅಂದರು. ಅಷ್ಟೇ. ನಕ್ಕರು ಕೂಡ.

ಈಗ ನೀವೇ ಯೋಚಿಸಿ. ನನ್ನ ಹಿಂದೆ ಓಡಿ ಬಂದವಳು ದಾಖಲೆ ಮುರಿದಳು. ಅವಳ ಮುಂದೆ ಓಡಿದ ನಾನು ಏನನ್ನೂ ಮುರಿಯಲಿಲ್ಲ. ನಮ್ಮ ಶಾಲೆಯ ಮೇಷ್ಟ್ರು ಪಾಪ ಕೈಮುಗಿದು, "ಸಾ, ಇವ್ಳು ಮುಂದಿದ್ಲಲ್ಲ ಸಾ, ಎಲ್ರೂ ನೋಡವ್ರೆ," ಎಂದರು. ಮೈಸೂರಿನ ಅಧಿಕಾರಿ ಒಳ್ಳೆಯ ಮನುಷ್ಯನೇ, ಆದರೆ ಟೈಮಿಲ್ಲದೆ ನಾನು ಏನಂತ ಬರೆದುಕೊಳ್ಳಲಿ ಎಂದರು. ಇನ್ನೊಮ್ಮೆ ಓಡು ಎಂದು ಸಂಜೆ ಓಡಿಸಿದರು. ಓಡಿ ಸತ್ತ ಕಾಲಲ್ಲಿ ಇನ್ನೇನು ಓಡುವುದು? ಹಾಸ್ಟೆಲಿನ ಸೀಟು ಎರಡನೆಯವಳಿಗೆ ಹೋಯಿತು. ನನಗೆ ಒಂದು ಸ್ಟೀಲಿನ ಲೋಟ ಕೊಟ್ಟರು.

ಆಗ ಅಜ್ಜಿ ಎದ್ದಳು.

ನಮ್ಮ ಕಡೆ ಹೆಂಗಸರಿಗೆ ಎಲ್ಲೂ ನ್ಯಾಯ ಸಿಗದಿದ್ದರೆ ಮಣ್ಣು ತೂರುತ್ತಾರೆ. ಎರಡೂ ಕೈಯಲ್ಲಿ ನೆಲದ ಮಣ್ಣು ಬಾಚಿ, ಅನ್ಯಾಯ ಮಾಡಿದವನ ಎದುರು ನಿಂತು, ಮಾದಪ್ಪನ ಹೆಸರು ಹೇಳಿ ತೂರುವುದು. ತೂರಿಸಿಕೊಂಡವನು ಎಂಥ ಓದಿದವನಾದರೂ ಅವತ್ತು ಅವನಿಗೆ ಅನ್ನ ಇಳಿಯುವುದಿಲ್ಲ. ಅಜ್ಜಿ ಗೆರೆಯ ಹತ್ತಿರ ಹೋಗಿ ಸುಣ್ಣ ಸಮೇತ ಮಣ್ಣು ಬಾಚಿದಳು. "ನನ್ ಕೂಸ್ನ ಓಟ ನುಂಗ್ಕಂಡ್ಯಲ್ಲಾ, ನಿನ್ ಕೈ ಸೇದೋಗ! ಮಾದಪ್ಪ ನೋಡ್ಕಳ್ಳಿ!" ಎಂದು ಕೈ ಎತ್ತಿದಳು. ಪೇಟೆಯ ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಹದಿನೈದು ಹದಿನಾರು ವಯಸ್ಸು. ಆ ನಗು ತಡೆಯಲಾಗದೆ ಓಡಿಹೋಗಿ ಅಜ್ಜಿಯ ಮುಂಗೈ ಹಿಡಿದುಬಿಟ್ಟೆ. ಅರ್ಧ ಮಣ್ಣು ಮೇಷ್ಟ್ರ ಕಡೆ ಹೋಯಿತು, ಅರ್ಧ ನನ್ನ ಲಂಗದ ಮೇಲೇ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಬೈಯಲಿಲ್ಲ. ಹನೂರಿನಲ್ಲಿ ಇಳಿಯುವಾಗ ಹೇಳಿದಳು: "ಅರ್ದ ತೂರುದ್ರೆ ಅದು ಯಾರ್ಗೂ ತಗಲಾಕಿಲ್ಲ ಕೂಸೆ. ಮಿಕ್ಕುದ್ದ ನೀನೇ ತೂರ್ಬೇಕು."

ಅದಾದ ಮೇಲೆ ಒಂದು ಭಾನುವಾರ ಹನೂರಿನಲ್ಲಿ ಸೌದೆ ಡಿಪೋ ಇಟ್ಟಿದ್ದ ನೆಂಟರ ಮನೆಯಲ್ಲಿ ಮೊದಲ ಬಾರಿ ಟಿ.ವಿ. ನೋಡಿದೆ. ಯಾವುದೋ ದೇಶದ ಅಂತರರಾಷ್ಟ್ರೀಯ ಕ್ರೀಡಾಕೂಟ. ದೊಡ್ಡ ಮೈದಾನ, ಕೆಂಪು ಹಾದಿ. ನನ್ನದೇ ಓಟ, ಎಂಟುನೂರು ಮೀಟರ್. ಒಬ್ಬ ಎತ್ತರದ ಹೆಂಗಸು ಎಲ್ಲರನ್ನೂ ಹಿಂದೆ ಹಾಕಿ ಬರುತ್ತಿದ್ದಳು. ನಾನು ಅವಳನ್ನು ನೋಡಲೇ ಇಲ್ಲ. ಪರದೆಯ ಮೂಲೆಯಲ್ಲಿ ಅಂಕಿಗಳು ತಾವೇ ಓಡುತ್ತಿದ್ದವು, ಅವಳು ಗೆರೆ ದಾಟಿದ ಕ್ಷಣ ತಾವೇ ನಿಂತವು. ವಿಶ್ವದಾಖಲೆ ಎಂದು ಕೂಗಾಡಿದರು. ಅಜ್ಜಿ ಹತ್ತಿರ ಸರಿದು ಗಾಜಿನ ಮೂಲೆಗೆ ಬೆರಳಿಟ್ಟು ಕೇಳಿದಳು.

"ಇದ ಒತ್ತೋನು ಯಾವನ್ಲಾ?"

ಯಾರೂ ಇಲ್ಲ, ಮಿಷನ್ನೇ ನೋಡಿಕೊಳ್ಳುತ್ತೆ ಎಂದು ಮನೆಯವರು ಹೇಳಿದರು.

"ಅಂಗಾರೆ ಅಲ್ಲಿ ಮೇಷ್ಟ್ರುಗಳೇ ಇಲ್ವಾ? ಪುಣ್ಯವಂತ್ರು," ಅಂದಳು ಅಜ್ಜಿ. ಮನೆಯವರೆಲ್ಲ ನಕ್ಕರು. ನಾನು ಹಿತ್ತಿಲಿಗೆ ಹೋಗಿ ಅತ್ತೆ. ಯಾರ ಬೆರಳಿನ ಹಂಗೂ ಇಲ್ಲದ ಓಟ ಲೋಕದಲ್ಲಿ ಎಲ್ಲೋ ಇದೆ, ನನ್ನ ಓಟ ಮಾತ್ರ ಒಬ್ಬನ ಕೈಯಲ್ಲಿ ಸತ್ತಿದೆ ಎನ್ನುವುದು ಸಹಿಸಲಾಗಲಿಲ್ಲ. ಅವತ್ತೇ ನಿಶ್ಚಯಿಸಿದೆ. ಆ ಮನುಷ್ಯ ನನ್ನ ಟೈಮನ್ನು ತನ್ನ ಬಾಯಿಂದಲೇ, ಮೈಕಿನಲ್ಲಿ, ಕೊಳ್ಳೇಗಾಲದವರೆಲ್ಲ ಕೇಳುವಂತೆ ಹೇಳಬೇಕು. ಅಷ್ಟಾಗುವ ತನಕ ಬಿಡಬಾರದು.

ನಿಶ್ಚಯ ಮಾಡುವುದು ಸುಲಭ. ಟಿ.ಸಿ.ಎಚ್. ಓದಿದೆ, ಯಳಂದೂರಿನಲ್ಲಿ ಮೇಡಮ್ಮಾದೆ, ಹೊನ್ನೂರಿಗೆ ಸೊಸೆಯಾಗಿ ಬಂದೆ. ಮೇಷ್ಟ್ರ ಅಣ್ಣನ ಮಗಳು ಹಾಸ್ಟೆಲಿನ ಊಟ ಸೇರದೆ ವರ್ಷದೊಳಗೇ ಮನೆಗೆ ವಾಪಸಾದಳಂತೆ. ಆ ಸುದ್ದಿ ಕೇಳಿದ ದಿನ ಒಲೆಯ ಮೇಲಿದ್ದ ಸಾರು ಸೀದುಹೋಯಿತು. ನಾನು ಬಾಯಿಬಿಟ್ಟು ಕಾಯುತ್ತಿದ್ದ ಅನ್ನವನ್ನು ಅವಳು ರುಚಿಯಿಲ್ಲ ಎಂದು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದಳು.

ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಎದುರಾದರು. ತಲೆ ಬೋಳಾಗಿತ್ತು, ಬಿಳಿ ಪ್ಯಾಂಟು ಹಾಗೇ ಇತ್ತು. ಎಷ್ಟು ವರ್ಷದಿಂದ ಕೂಡಿಟ್ಟ ಮಾತು ಬಾಯಿಗೆ ಬರುವಷ್ಟರಲ್ಲಿ ಅವರೇ ನಗುತ್ತಾ, "ಚೆನ್ನಾಗಿದ್ದೀಯೇನಮ್ಮ? ಯಾವ ಬ್ಯಾಚು ನೀನು?" ಎಂದರು. ನಾನು ಯಾರೆಂದೇ ಗೊತ್ತಿರಲಿಲ್ಲ. ಕದ್ದವನಿಗೆ ಕದ್ದ ನೆನಪೂ ಇಲ್ಲದಿದ್ದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ತಿರುಗಿ ಬಸ್ಸು ಹತ್ತಿದೆ.

ಅಜ್ಜಿ ತೀರಿಕೊಂಡ ವರ್ಷ ನಮ್ಮ ಶಾಲೆಯ ಪಿ.ಟಿ. ಮೇಡಂ ಒಂದು ವಿಷಯ ಹೇಳಿದರು. ಮೂವತ್ತೈದು ದಾಟಿದವರಿಗೂ ಕ್ರೀಡಾಕೂಟಗಳಿವೆ, ಜಿಲ್ಲೆ, ರಾಜ್ಯ ದಾಟಿದರೆ ಹೊರದೇಶದವರ ಜೊತೆಗೂ ಓಡಬಹುದು ಎಂದು. ಮಾರನೆಯ ಬೆಳಿಗ್ಗೆಯೇ ಹೊನ್ನೂರಿನ ನಾಲೆ ಏರಿಯ ಮೇಲೆ ಓಡಲು ಶುರು ಮಾಡಿದೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಕಬ್ಬು, ನಡುವೆ ಚೂಡಿದಾರ ತೊಟ್ಟ ಮೇಡಮ್ಮು. ಗದ್ದೆಯಲ್ಲಿದ್ದವರಿಗೆ ಪುಕ್ಕಟೆ ಸಿನಿಮಾ.

"ಯಾರ ಅಟ್ಟಿಸ್ಕಂಡು ಓಯ್ತಿದ್ದೀರಿ ಮೇಡಮ್ಮಾರೆ?" ಎಂದು ಒಬ್ಬ ಮುದುಕ ದಿನಾ ಕೇಳುತ್ತಿದ್ದ.

"ಒಬ್ಬ ಕಳ್ಳ ಅವ್ನೆ ಕಣಪ್ಪ," ಅನ್ನುತ್ತಿದ್ದೆ. ಸುಳ್ಳಲ್ಲ. ದಿನಾ ನನ್ನ ಕಣ್ಣ ಮುಂದೆ ಆ ಬೋಳು ತಲೆಯೇ ಓಡುತ್ತಿತ್ತು, ತೂಬಿನ ಹತ್ತಿರ ಬರುವಾಗ ದಿನಾ ಅದನ್ನು ಹಿಂದೆ ಹಾಕುತ್ತಿದ್ದೆ. ಕಾಲು ಸೋತ ದಿನವೂ ಸಿಟ್ಟು ಸೋಲುತ್ತಿರಲಿಲ್ಲ.

ಜಿಲ್ಲೆ ದಾಟಿದೆ, ರಾಜ್ಯವೂ ದಾಟಿದೆ. ಹಿರಿಯರ ಆ ಅಂತರರಾಷ್ಟ್ರೀಯ ಕೂಟ ಬೆಂಗಳೂರಿನಲ್ಲಿ ನಡೆಯಿತು. ಎಲ್ಲೆಲ್ಲಿಂದಲೋ ಬಂದಿದ್ದರು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಚಡ್ಡಿ ತೊಟ್ಟು ಕಾಲು ಚಾಚಿ ಕೂತಿದ್ದರು, ಎಂಬತ್ತು ದಾಟಿದ ತಾತ ಗುಂಡು ಎಸೆಯುತ್ತಿದ್ದ. ಬೆಳಿಗ್ಗೆಯಿಂದ ದಾಖಲೆಗಳು ಒಂದಾದ ಮೇಲೊಂದು ಬೀಳುತ್ತಿದ್ದವು, ಮೈಕಿನವನ ಗಂಟಲು ಕಟ್ಟಿತ್ತು. ಗೆರೆಯ ಪಕ್ಕದಲ್ಲಿ ಅಂಕಿ ಓಡುವ ಕಪ್ಪು ಹಲಗೆ. ನಾನು ಓಡುವ ಮುಂಚೆ ಹೋಗಿ ಅದನ್ನು ಸುತ್ತಿ ನೋಡಿದೆ. ಹಿಂದೆ ಯಾರೂ ಅಡಗಿರಲಿಲ್ಲ. ರೂಢಿಯಂತೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದರೆ ಬೆರಳಿಗೆ ಮಣ್ಣು ಹತ್ತಲಿಲ್ಲ. ಎಲ್ಲ ರಬ್ಬರು.

ಸಿಂಹಳದ ಹೆಂಗಸೊಬ್ಬಳು ಕೊನೆಯ ತಿರುವಿನ ತನಕ ನನ್ನನ್ನು ಬಿಡಲಿಲ್ಲ. ಆಮೇಲೆ ತೂಬು ಬಂತು, ಅಂದರೆ ನನ್ನ ಮನಸ್ಸಿನಲ್ಲಿ ಬಂತು. ಗೆರೆ ದಾಟಿ ತಿರುಗಿದಾಗ ಹಲಗೆಯಲ್ಲಿ ನನ್ನ ಅಂಕಿ ನಿಂತಿತ್ತು. ನಮ್ಮ ವಯಸ್ಸಿನವರ ಕೂಟ ದಾಖಲೆ. ಸಿಂಹಳದವಳು ತಬ್ಬಿಕೊಂಡಳು. ಸಂತೋಷವಾಯಿತು, ಆಗಲಿಲ್ಲ ಅನ್ನುವುದಿಲ್ಲ. ಆದರೆ ಇದು ಮಗಳನ್ನು ಹೆತ್ತ ಮೈ ಓಡಿದ ಓಟ. ಕೊಳ್ಳೇಗಾಲದಲ್ಲಿ ನಾನಾಗಿದ್ದ ಆ ಹುಡುಗಿ ಎಷ್ಟರಲ್ಲಿ ಓಡಿದ್ದಳು ಎನ್ನುವುದನ್ನು ಯಾವ ಹಲಗೆಯೂ ಹೇಳುವ ಹಾಗಿರಲಿಲ್ಲ.

ವಾರದೊಳಗೆ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು, ಪಕ್ಕದಲ್ಲಿ ಮೇಷ್ಟ್ರದು. 'ನನ್ನ ಶಿಷ್ಯೆ, ಚಿಕ್ಕಂದಿನಲ್ಲೇ ಗುರುತಿಸಿದ್ದೆ' ಎಂದು ಹೇಳಿಕೊಂಡಿದ್ದರು. ಈಗ ಬ್ಯಾಚು ನೆನಪಾಗಿತ್ತು. ಕೊಳ್ಳೇಗಾಲದ ಅದೇ ಮೈದಾನದಲ್ಲಿ ಸನ್ಮಾನ, ಗುರುಗಳ ಕೈಯಿಂದಲೇ ಶಾಲು ಎಂದು ಸಂಘಟಕರು ಬಂದು ಕರೆದರು. ನನ್ನ ಗಂಡನಿಗೆ ಕಥೆಯೆಲ್ಲ ಗೊತ್ತಿತ್ತು. "ಬ್ಯಾಡ ಬುಡು, ಓಗೋದೇ ಬ್ಯಾಡ," ಎಂದರು. ನಾನು ಹೋಗುತ್ತೇನೆ ಎಂದೆ. ಒಂದು ಹೊಸ ಸ್ಟಾಪ್‌ವಾಚು ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನನಗೆ ಮೈಕು ಕೊಟ್ಟರು. ಹೆಚ್ಚು ಮಾತಾಡಲಿಲ್ಲ. "ಇದೇ ಮೈದಾನದಲ್ಲಿ ನಾನು ಗೆದ್ದ ದಿನ ಮೇಷ್ಟ್ರು ವಾಚು ಒತ್ತೋದು ಮರ್ತಿದ್ರು. ಇವತ್ತು ಒಂದು ಸುತ್ತು ಓಡ್ತೀನಿ. ಒತ್ತಿ, ನನ್ನ ಟೈಮು ಅವ್ರೇ ಹೇಳ್ಲಿ," ಎಂದೆ. ಜನಕ್ಕೆ ಇದು ಭಾರಿ ಹಿಡಿಸಿತು. ಮೇಷ್ಟ್ರ ಮುಖ ಒಂದು ಗಳಿಗೆ ಬಿಳುಚಿಕೊಂಡಿತು, ಆಮೇಲೆ ನಗು ಬಂತು. ಅವರನ್ನು ವೇದಿಕೆಯಿಂದ ಇಳಿಸಿ ಸುಣ್ಣದ ಗೆರೆಯ ಹತ್ತಿರ ನಿಲ್ಲಿಸಿದರು. ವಾಚನ್ನು ನಾನೇ ಅವರ ಕೊರಳಿಗೆ ಹಾಕಿದೆ, ಗುಂಡಿ ಯಾವುದು ಎಂದು ತೋರಿಸಿದೆ, ಸೆರಗು ಸೊಂಟಕ್ಕೆ ಬಿಗಿದು ಓಡಿದೆ. ರೇಷ್ಮೆ ಸೀರೆಯಲ್ಲಿ ಓಡುವುದು ಸುಲಭವಲ್ಲ. ಆದರೂ ಮನಸ್ಸಿಟ್ಟು ಓಡಿದೆ.

ಬಂದು ನೋಡಿದರೆ ವಾಚಿನಲ್ಲಿ ಬರೀ ಸೊನ್ನೆಗಳು.

ಅವರು ಎಡಗೈಗೆ ಮೈಕು ತೆಗೆದುಕೊಂಡರು. ಕಣ್ಣಲ್ಲಿ ನೀರಿತ್ತು. "ಏನ್ ಮಾಡ್ಲಿ, ಇವ್ಳ ಓಟ ನೋಡ್ತಾ ನಿಂತ್ರೆ ನಂಗೆ ಒತ್ತೋದೇ ಮರ್ತೋಯ್ತದೆ. ಅವತ್ತೂ ಇಂಗೇ ಆಗಿದ್ದು!" ಎಂದರು. ಮೈದಾನವೇ ಕರಗಿಹೋಯಿತು. ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಎಂಥ ಗುರು, ಎಂಥ ಶಿಷ್ಯೆ!

ಅವರು ಹೇಳಿದ್ದು ನಿಜವಿರಲೂಬಹುದು. ನಿಜವಾದರೆ ಇಷ್ಟು ವರ್ಷ ನಾನು ಸಾಕಿದ ಸಿಟ್ಟಿಗೆ ಕೂರಲು ಜಾಗವಿಲ್ಲ. ಅದಕ್ಕೇ ಅವರ ಮೇಲೆ ಇನ್ನೂ ಸಿಟ್ಟು ಬಂತು. ನನ್ನ ಓಟ ಹೋಯಿತು, ಹಾಸ್ಟೆಲು ಹೋಯಿತು, ಈಗ ನನ್ನ ಸೇಡನ್ನೂ ಚಪ್ಪಾಳೆ ಮಾಡಿಕೊಂಡು ತಾವೇ ಇಟ್ಟುಕೊಂಡರು.

ನಾನು ಬಗ್ಗಿದೆ. ಕಾಲಿಗೆ ಬೀಳುತ್ತಾಳೆ ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಮೇಷ್ಟ್ರು ಬಲಗೈ ಎತ್ತಿ ಆಶೀರ್ವಾದಕ್ಕೆ ಸಿದ್ಧರಾದರು. ಅವರ ಬೂಟಿನ ಮುಂದೆಯೇ ಸುಣ್ಣದ ಗೆರೆ ಇತ್ತು. ಎರಡೂ ಕೈಯಲ್ಲಿ ಗೆರೆ ಸಮೇತ ಮಣ್ಣು ಬಾಚಿಕೊಂಡು ಎದ್ದೆ. ನನ್ನ ಕೈಯಲ್ಲಿ ಏನಿದೆ ಎಂದು ಎಲ್ಲರಿಗಿಂತ ಮೊದಲು ತಿಳಿದದ್ದು ಅವರಿಗೇ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಬ್ಯಾಡ ಕಣವ್ವಾ," ಎಂದರು. ಮೈಕು ಇನ್ನೂ ಬಾಯ ಹತ್ತಿರವೇ ಇತ್ತು, ಮೈದಾನಕ್ಕೆಲ್ಲ ಕೇಳಿಸಿತು. ಚಪ್ಪಾಳೆ ನಿಂತಿತು.

ಈ ಸಲ ನನ್ನ ಮುಂಗೈ ಹಿಡಿಯಲು ಯಾರೂ ಬರಲಿಲ್ಲ. ಪೂರ್ತಿ ತೂರಿದೆ.