ಅನಂತರಾಮ್ ಪರವಾಗಿ ಕಾಮಾಕ್ಷಿ

ಬೆಳಕು ಹರಿಯುವ ಹೊತ್ತಿಗೆ ಕಾಮಾಕ್ಷಿ ಶವಾಗಾರದೊಳಗಿದ್ದಾರೆ. ಮಾಸ್ಕ್ ಬಿಗಿ ಮಾಡಿ, ಗ್ಲೌಸ್ ತೊಟ್ಟು, ಮೇಜಿನ ಮೇಲಿರುವ ಹಿರಿಯರ ಕಡೆ ಬಾಗುತ್ತಾರೆ. "ಅಂಕಲ್, ಸ್ವಲ್ಪ ಈ ಕಡೆ ತಿರುಗಿಸ್ತೀನಿ." ಉತ್ತರ ಬರುವುದಿಲ್ಲ ಎಂದು ಅವರಿಗೂ ಗೊತ್ತು. "ಹೇಳದೆ ಮುಟ್ಟೋದು ಮರ್ಯಾದೆ ಅಲ್ಲ ಸರ್," ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ.

ಮೈಸೂರಿನ ಕಾಮಾಕ್ಷಿ ಮದುವೆಯಾಗಿ ಸಿಂಗಪುರಕ್ಕೆ ಬಂದವರು. ಸಾವಿನ ಕಾರಣ ಹುಡುಕುವ ವೈದ್ಯರಿಗೆ ಸಹಾಯಕಿ. ದಿನಕ್ಕೆ ನಾಲ್ಕೈದು ದೇಹ. ಕೆಲಸ ಮುಗಿದರೆ ಅಲ್ಲೇ ತಲೆಗೆ ಸ್ನಾನ. ಆದರೂ ಹೌಗಾಂಗ್‌ನ ಮನೆ ಬಾಗಿಲಲ್ಲಿ ಮಗಳು ಅನಿಕಾ ಸಿಂಗಪುರದ ಧಾಟಿಯಲ್ಲಿ ತಡೆಯುತ್ತಾಳೆ: "ಅಮ್ಮಾ, ಶವರ್ ಫಸ್ಟ್ ಲಾ! ಹಗ್ ಆಮೇಲೆ."

ಸ್ನಾನದ ಈ ಪದ್ಧತಿ ಕಲಿಸಿದ್ದು ಹಿರಿಯ ಸಹೋದ್ಯೋಗಿ ಅನಂತರಾಮ್. ಮೀಯದೆ ಅವರು ನೀರೂ ಮುಟ್ಟುತ್ತಿರಲಿಲ್ಲ. ಮಾಸ್ಕ್ ಮಾತ್ರ, ಕನ್ನಡಕ ಮಂಜಾಗುತ್ತದೆಂದು, ಗದ್ದಕ್ಕೆ ಇಳಿಯುತ್ತಿತ್ತು. "ಮೈಲಿಗೆ ಮೈಗೆ ಅಂಟುತ್ತೆ, ತೊಳೆದ್ರೆ ಹೋಗುತ್ತೆ ಅಂದ್ಕೊಂಡಿದ್ರು. ಟಿಬಿ ಉಸಿರಲ್ಲಿ ಬಂತು." ಆ ರೋಗವಿದ್ದ ದೇಹವನ್ನು ಕೊಯ್ದ ದಿನ ಕಾಮಾಕ್ಷಿ ಅವರ ಪಕ್ಕದಲ್ಲೇ ಇದ್ದರು.

ಅನಂತರಾಮ್ ಹೋದ ವರ್ಷ ತೀರಿಕೊಂಡರು. ಕರ್ತವ್ಯದಲ್ಲಿ ಸತ್ತವರಿಗೆ ಕೊಡುವ ಪರಿಹಾರ ಅವರ ಪತ್ನಿ ವಿನುತಾಗೆ ಸಿಗಲಿಲ್ಲ. ಸಂಸ್ಥೆಯ ನಿಯಮದಲ್ಲಿ ಶವ ತರುವ ವ್ಯಾನ್ ಡ್ರೈವರ್ ಇದ್ದಾನೆ. ಒಳಗೆ ಕೊಯ್ದು ನೋಡುವ ವೈದ್ಯರಾಗಲಿ ಸಹಾಯಕರಾಗಲಿ ಇಲ್ಲ. ಮೇಲಾಗಿ, ರೋಗ ಎಲ್ಲಿಂದಲಾದರೂ ಬಂದಿರಬಹುದಲ್ಲ ಎಂಬ ಮಾತು.

"ಡ್ರೈವರ್ ಬೆಲ್ಟ್ ಹಾಕದೆ ಸತ್ತರೂ ಡ್ಯೂಟಿ. ನಮ್ಮ ಮಾಸ್ಕ್ ಜಾರಿದ್ರೆ ಬರೀ ಕಾಯಿಲೆ!" ಕಾಮಾಕ್ಷಿ ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ತಮ್ಮನ್ನೂ ನಿಯಮಕ್ಕೆ ಸೇರಿಸಿ ಎಂದು ಶವಾಗಾರದ ಸಿಬ್ಬಂದಿಯೆಲ್ಲ ಕೇಳಿದ್ದಾರೆ. ಬರುವ ವಾರ ಆಡಳಿತ ಮಂಡಳಿಯ ಮುಂದೆ ಮಾತಾಡಬೇಕಾದವರು ಕಾಮಾಕ್ಷಿ. ಅವರ ಕೆಲಸದ ಕರಾರು ನವೀಕರಣವಾಗುವುದೂ ಇದೇ ತಿಂಗಳು. ವಿನುತಾಗೆ ಅದೇ ಭಯ. "ನನಗೋಸ್ಕರ ನಿನ್ನ ಕೆಲಸ ಕಳ್ಕೋಬೇಡ ಕಣೇ," ಎಂದು ಬಿಶಾನ್ ಬಡಾವಣೆಯ ಮನೆಯಿಂದ ದಿನವೂ ಫೋನ್.

ಮಾಸ್ಕ್ ವಿಷಯ ಬಚ್ಚಿಡುತ್ತೀರಾ ಎಂದರೆ ಕಾಮಾಕ್ಷಿ ತಲೆಯಾಡಿಸುತ್ತಾರೆ. "ಇಲ್ಲ ಸರ್, ಇಳಿದಿತ್ತು ಅಂತಾನೇ ಹೇಳ್ತೀನಿ. ಊರವರೆಲ್ಲ ಯಾಕೆ ಸತ್ತರು ಅಂತ ಇದ್ದದ್ದು ಇದ್ದ ಹಾಗೆ ಹೇಳೋದೇ ನಮ್ಮ ಕೆಲಸ. ನಮ್ಮವರು ಯಾಕೆ ಸತ್ತರು ಅಂತ ಹೇಳೋಕೆ ಹೆದರಿದ್ರೆ ಆಗುತ್ತಾ?"